ಹದಿನೈದು ಪೌಂಡ್, ಇಪ್ಪತ್ತು ನಿಮಿಷ

ಪ್ರತಿ ಸೋಮವಾರ ಶಮೀಮ್ ಮೇಡಂ ಬಸ್ಸು ಹತ್ತುತ್ತಿದ್ದದ್ದು ಹೆಗಲಿಗೆ ಸ್ಕೂಟರ್ ಟ್ಯೂಬು ನೇತುಹಾಕಿಕೊಂಡು. ಕಾಟನ್ ಸೀರೆ, ತಲೆಯ ಮೇಲೆ ಸೆರಗು, ಒಂದು ಕೈಯಲ್ಲಿ ಟಿಫನ್ ಕ್ಯಾರಿಯರ್, ಹೆಗಲಲ್ಲಿ ಉಬ್ಬಿಕೊಂಡ ಕರೀ ಟ್ಯೂಬು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದವರೆಗೂ ಬಸ್ಸಿನ ಜನ ಅವರನ್ನೇ ನೋಡುತ್ತಿದ್ದರು.

"ಏನಮ್ಮಾ ಇದು, ಗಾಳಿ ತುಂಬಿಸ್ಕೊಂಡು ಬಂದಿದೀರಲ್ಲ?" ಅಂತ ಹೊಸ ಕಂಡಕ್ಟರ್ ಒಬ್ಬ ಕೇಳಿದ್ದ.

"ಗಾಳಿ ಇಲ್ದಿದ್ರೆ ಟ್ಯೂಬಿಗೇನಪ್ಪಾ ಬೆಲೆ? ಬೇಕಿದ್ರೆ ಲಗೇಜ್ ಟಿಕೆಟ್ ಹರಿ. ಬೆಂಕಿಪೊಟ್ಟಣ ಇಟ್ಕೊಂಡೋರ ಪಕ್ಕ ಮಾತ್ರ ಕೂರಿಸ್ಬೇಡ."

ಒಳಗಿದ್ದದ್ದು ಗೋಬರ್ ಗ್ಯಾಸ್. ಪರಿಚಯದ ರೈತರೊಬ್ಬರ ಹಿತ್ತಲಿನ ಗುಂಡಿಯಿಂದ ಹಿಡಿದು ತಂದದ್ದು. ಕಾಲೇಜಿಗೆ ಮೀಥೇನ್ ಸಿಲಿಂಡರ್ ತರಿಸಿಕೊಡಿ ಅಂತ ಅವರು ಬರೆದ ಅರ್ಜಿಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಲೇತ್ ಅಂಗಡಿಯಿಂದ ಕಬ್ಬಿಣದ ಚೂರು ತಂದು ತುಕ್ಕು ಹಿಡಿಸಿ, ಅದರ ಮೂಲಕ ಒಂದು ಸಲ, ಸುಣ್ಣದ ನೀರಿನ ಮೂಲಕ ಇನ್ನೊಂದು ಸಲ ಆ ಗ್ಯಾಸನ್ನು ಹಾಯಿಸಿ ಶುದ್ಧ ಮಾಡಿ, ತಮ್ಮ ಬ್ಯಾಕ್ಟೀರಿಯಾಗಳಿಗೆ ಕೊಡುತ್ತಿದ್ದರು. ಆ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಬೇಡ, ಪಿಷ್ಟ ಬೇಡ. ಮೀಥೇನೇ ಅವುಗಳ ಅನ್ನ.

ಮೇಡಂ ಅವನ್ನು 'ಇವರು' ಅನ್ನುತ್ತಿದ್ದರು. ನಮ್ಮ ಪ್ರಿನ್ಸಿಪಾಲರನ್ನು 'ಅವನು' ಅನ್ನುತ್ತಿದ್ದರು.

ಇವತ್ತಿಗೂ ಮೇಡಂ ನೆನಪಾದರೆ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆ ಅನ್ನುವುದನ್ನು ಹೇಳುತ್ತೇನೆ. ಹೇಳುವಾಗ ನನ್ನನ್ನೂ ಬಿಡುವುದಿಲ್ಲ.

ನಾನು ಕೆಂಚಾರ್ಲಹಳ್ಳಿಯವಳು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮಾಡಿದವರಲ್ಲಿ ನಾನೇ ಮೊದಲು. ಅಪ್ಪ, ಅಮ್ಮ ರೇಷ್ಮೆ ಹುಳ ಸಾಕಿ ಓದಿಸಿದರು. ಎಂ.ಎಸ್ಸಿ.ಗೆ ಸೇರಿದ ಹೊಸತರಲ್ಲಿ ಕೆರೆಗಳ ಬಗ್ಗೆ ಸೆಮಿನಾರಿಗೆ ನಿಂತೆ. ಇಂಗ್ಲಿಷಿನ ಎರಡು ವಾಕ್ಯ ಬಾಯಿಪಾಠ ಒಪ್ಪಿಸುವಷ್ಟರಲ್ಲಿ ಮೂರನೆಯದು ಮರೆತುಹೋಯಿತು. ಹಿಂದಿನ ಬೆಂಚು ಕಿಸಕ್ಕೆಂದಿತು.

"ಏಯ್, ಸುಮ್ನಿರ್ರೋ," ಅಂದರು ಮೇಡಂ. "ಮಂಜುಳಮ್ಮಾ, ಕನ್ನಡದಲ್ಲಿ ಹೇಳು. ಕೆರೆಗೇನು ಇಂಗ್ಲಿಷ್ ಬರುತ್ತಾ?"

ಹೇಳಿದೆ. ಗಂಟೆ ಹೊಡೆಯುವವರೆಗೂ ಹೇಳಿದೆ. ಮುಗಿದ ಮೇಲೆ ಹತ್ತಿರ ಕರೆದು ಕೇಳಿದರು: "ನಿಮ್ಮೂರಲ್ಲಿ ಕೆರೆ ಇದ್ಯಾ? ಕೆಸರು ನಾರುತ್ತಾ?"

"ತುಂಬಾ ನಾರುತ್ತೆ ಮೇಡಂ."

"ಒಳ್ಳೇದಾಯ್ತು. ಭಾನುವಾರ ಬರ್ತೀನಿ."

ಬಂದರು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಕೆರೆಗೆ ಇಳಿದರು. ನಾನು ಮೂಗು ಮುಚ್ಚಿಕೊಂಡಿದ್ದು ನೋಡಿ ನಕ್ಕರು. "ನಾನು ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯೋ ಮನೇಲಿ ಹುಟ್ಟಿದೋಳು ಕಣಮ್ಮ. ಈ ವಾಸನೆ ನನಗೆ ಯಾವ ಲೆಕ್ಕ?" ಕೋಲಿನಿಂದ ಕೆಸರು ಕದಡಿದರು. ಬುಳುಬುಳು ಎದ್ದ ಗುಳ್ಳೆಗಳನ್ನು ಬೋರಲು ಬಾಟಲಿನಲ್ಲಿ ಹಿಡಿದು ಕಡ್ಡಿ ಗೀರಿದರು. ಬಾಟಲಿನ ಬಾಯಲ್ಲಿ ನೀಲಿ ಬೆಂಕಿ ಹತ್ತಿ ಆರಿತು.

"ಕೆಸರಿನ ಅಡಿಯಿಂದ ಈ ಗ್ಯಾಸು ಬರುತ್ತೆ. ಮೇಲಿಂದ ಗಾಳಿ ಬರುತ್ತೆ. ಇವರು ಎರಡರ ನಡುವೆ ಕೂತು, ಗ್ಯಾಸು ಆಕಾಶಕ್ಕೆ ಹೋಗದ ಹಾಗೆ ತಿಂದುಬಿಡ್ತಾರೆ. ಇವರಿಲ್ಲದಿದ್ರೆ ಭೂಮಿ ಇನ್ನೂ ಬಿಸಿಯಾಗ್ತಿತ್ತು. ಯಾವ ಊರಿನವರಾದ್ರೂ ಇವರಿಗೆ ಒಂದು ಶಾಲು ಹೊದಿಸಿದಾರಾ?"

ದಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಅಪ್ಪ ಕೇಳಿದರು: "ಕೆಸರು ಎತ್ತೋಕೂ ಸರ್ಕಾರ ಸಂಬಳ ಕೊಡ್ತದಾ ಮೇಡಮ್ಮೋರೆ?"

"ಕೊಡ್ತಾರೆ ನಾರಾಯಣಪ್ಪ. ಮುಖ ಗಂಟಿಕ್ಕೊಂಡು ಕೊಡ್ತಾರೆ."

ಆ ಕೆಸರಿನಿಂದ ಬಂದ ಒಂದು ಬ್ಯಾಕ್ಟೀರಿಯಾ ಬೇರೆ ಯಾವುದನ್ನೂ ಹೋಲುತ್ತಿರಲಿಲ್ಲ. ಈ ಜಾತಿ ಬೆಳೆಯುವುದು ನಿಧಾನ. ಪ್ಲೇಟಿನ ಮೇಲೆ ಸಾಸಿವೆಯಷ್ಟು ಚುಕ್ಕಿ ಕಾಣಬೇಕಾದರೂ ವಾರಗಟ್ಟಲೆ ಕಾಯಬೇಕು. ಅಷ್ಟರಲ್ಲಿ ಬೇರೆಯವು ಕಳೆಯ ಹಾಗೆ ನುಗ್ಗಿ ಮುಚ್ಚಿಬಿಡುತ್ತವೆ. ಮೇಡಂ ಮತ್ತೆ ಮತ್ತೆ ಬೇರ್ಪಡಿಸಿದರು. ನಾನು ಎಂ.ಎಸ್ಸಿ. ಮುಗಿಸಿ ಅದೇ ವಿಭಾಗದಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಿ, ನಾಲ್ಕನೇ ವರ್ಷ ನಡೆಯುತ್ತಿದ್ದಾಗ ಅದು ಕೊನೆಗೂ ಶುದ್ಧವಾಗಿ ಕೈಗೆ ಬಂತು. ಬಾಟಲಿನ ಚೀಟಿಯ ಮೇಲೆ ಅವರೇ ನಮ್ಮೂರಿನ ಹೆಸರು ಬರೆದರು.

ಹೊಸ ಬ್ಯಾಕ್ಟೀರಿಯಾಕ್ಕೆ ಲೋಕ ಒಪ್ಪುವ ಹೆಸರು ಸಿಗಬೇಕಾದರೆ ಅದನ್ನು ಜೀವಂತವಾಗಿ ಎರಡು ದೇಶಗಳ ಸಂಗ್ರಹಾಲಯಗಳಿಗೆ ಕಳಿಸಬೇಕು. ಕಳಿಸಲು ಪ್ರಿನ್ಸಿಪಾಲರ ಸಹಿ ಬೇಕು. ಮೇಡಂ ಇಟ್ಟ ಪತ್ರ ಅವರ ಮೇಜಿನ ಮೇಲೆ ಎರಡು ತಿಂಗಳು ಮಲಗಿತ್ತು. "ನೋಡೋಣ, ಇನ್‌ಸ್ಪೆಕ್ಷನ್ ಮುಗೀಲಿ," ಅನ್ನುತ್ತಿದ್ದರು.

ಅಷ್ಟರಲ್ಲಿ ಮೇಡಂಗೆ ಗರ್ಭಕೋಶದ ಆಪರೇಷನ್ ಆಯಿತು. ಆಸ್ಪತ್ರೆಗೆ ಹೋಗುವ ಮುಂಚೆ ನನ್ನ ಕೈ ಹಿಡಿದುಕೊಂಡು, "ಮೂರು ವಾರ ಕಣಮ್ಮ, ಇವರನ್ನ ನೋಡ್ಕೊ. ನಮ್ಮ ಡೀಪ್ ಫ್ರೀಜರ್ ಕೆಟ್ಟಿರೋದು ನಿನಗೆ ಗೊತ್ತಲ್ಲ. ಇರೋದು ಈ ಹನ್ನೊಂದು ಬಾಟಲೇ," ಅಂದರು.

ಎರಡನೇ ವಾರ ಪ್ರಿನ್ಸಿಪಾಲರು ಲ್ಯಾಬಿಗೆ ಬಂದರು. ಮಾರನೆಯ ದಿನ ಇನ್‌ಸ್ಪೆಕ್ಷನ್ ಕಮಿಟಿ ಬರುವುದಿತ್ತು. ಕಾರಿಡಾರಿಗೆ ಸುಣ್ಣ ಹೊಡೆಸಿ, ಬಾಡಿಗೆಯ ಹೂಕುಂಡ ಇಡಿಸಿದ್ದರು.

"ಏನಮ್ಮಾ ಇದು, ಕೊಳಚೆ ಬಾಟಲು? ಸಂಜೆಯೊಳಗೆ ಎಲ್ಲಾ ಖಾಲಿ ಆಗಬೇಕು."

"ಸರ್, ಮೇಡಮ್ಮೋರ ಕಲ್ಚರು. ಸತ್ತರೆ ಮತ್ತೆ ಸಿಗಲ್ಲ."

"ನಿಮ್ಮ ಮುಂದಿನ ವರ್ಷದ ಕೆಲಸದ ಫೈಲು ನನ್ನ ಟೇಬಲ್ ಮೇಲೇ ಇದೆ. ಅದೂ ಮತ್ತೆ ಸಿಗಲ್ಲ."

ಒಂದು ಬಾಟಲನ್ನು ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋಗಬಹುದಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ ಅಂತ ಬರೆದರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಆದರೆ ಹೊಳೆದಿತ್ತು. ಹೆದರಿದೆ. ಅಪ್ಪ ಊರೆಲ್ಲ 'ನನ್ನ ಮಗಳು ಲೆಕ್ಚರರ್' ಅಂತ ಹೇಳಿಕೊಂಡು ಬಂದಿದ್ದರು.

ಜೀವ ಇರುವ ಯಾವ ಕಲ್ಚರನ್ನೂ ಹಾಗೇ ಮೋರಿಗೆ ಚೆಲ್ಲಬಾರದು, ಮೊದಲು ಬೇಯಿಸಿ ಕೊಲ್ಲಬೇಕು ಅನ್ನುವುದು ಮೇಡಂ ನನಗೆ ಕಲಿಸಿದ ಮೊದಲ ಪಾಠ. ಹನ್ನೊಂದು ಬಾಟಲನ್ನೂ ಪ್ರೆಶರ್ ಕುಕ್ಕರಿನಂಥ ಆಟೋಕ್ಲೇವಿನಲ್ಲಿ ಸಾಲಾಗಿ ಜೋಡಿಸಿದೆ. ಮುಚ್ಚಳದ ತಿರುಪುಗಳನ್ನು ಎದುರುಬದುರಾಗಿ ಬಿಗಿದೆ. ಪ್ರೆಶರ್ ತೋರಿಸುವ ಮುಳ್ಳು ಏರಿ, ಮತ್ತೆ ಸೊನ್ನೆಗೆ ಇಳಿಯುವವರೆಗೂ ಪಕ್ಕದಲ್ಲೇ ಇದ್ದೆ. ಎಂಥಾ ಅಚ್ಚುಕಟ್ಟು! ಹೇಡಿತನವನ್ನೂ ಪಾಠದ ಪ್ರಕಾರ ಮಾಡಿದವಳು ನಾನು.

ಮಾರನೆಯ ದಿನ ಕಮಿಟಿ ಬಂತು. ಪೇಟ ತೊಟ್ಟರು, ಏಲಕ್ಕಿ ಹಾರ ಹಾಕಿಸಿಕೊಂಡರು, ಊಟ ಮಾಡಿದರು, ಹೂಕುಂಡಗಳ ಮುಂದೆ ಫೋಟೋ ತೆಗೆಸಿಕೊಂಡರು. ನಮ್ಮ ಲ್ಯಾಬಿನ ಬಾಗಿಲಿಗೂ ಬರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದು ಮಲಗಿದ್ದ ಮೇಡಂಗೆ ನಾನೇ ಹೋಗಿ ಹೇಳಿದೆ. ಬಾಗಿಲ ಹತ್ತಿರ ನಿಂತೇ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ಎಷ್ಟು ಪ್ರೆಶರ್ ಕೊಟ್ಟೆ?"

"ಹದಿನೈದು ಪೌಂಡು ಮೇಡಂ."

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ."

"ಸರಿಯಾಗೇ ಮಾಡಿದೀಯ," ಅಂದು ಗೋಡೆಯ ಕಡೆ ತಿರುಗಿಕೊಂಡರು.

ಹೊಲಿಗೆ ಪೂರ್ತಿ ಮಾಯುವ ಮುಂಚೆಯೇ ನಮ್ಮೂರಿಗೆ ಬಂದರು. ಕೆರೆಯ ಹೂಳೆತ್ತಿಸಿ ತಿಂಗಳಾಗಿತ್ತು. ಕೆಸರೆಲ್ಲ ಟ್ರ್ಯಾಕ್ಟರಿನಲ್ಲಿ ಹಿಪ್ಪುನೇರಳೆ ತೋಟಗಳಿಗೆ ಹೋಗಿ ಒಣಗಿ ಹೆಂಟೆಯಾಗಿತ್ತು. ನಮ್ಮ ತೋಟಕ್ಕೂ ಆರು ಲೋಡು ಬಿದ್ದಿತ್ತು. ಮೇಡಂ ಒಂದು ಹೆಂಟೆ ಎತ್ತಿ ಮೂಸಿ, ಪುಡಿ ಮಾಡಿ ಕೆಳಗೆ ಬಿಟ್ಟರು. ಆಮೇಲೆ ಎರಡು ವರ್ಷ ಮುರುಗಮಲ್ಲದ ಕಡೆ, ಗೌರಿಬಿದನೂರಿನ ಕಡೆ, ಸ್ಕಂದಗಿರಿಯ ಕೆಳಗಿನ ಹಳ್ಳಿಗಳಲ್ಲಿ ಕೆರೆ ಕೆರೆ ಇಳಿದರು. ಮೀಥೇನ್ ತಿನ್ನುವವು ಸಿಕ್ಕವು. ಅದು ಮಾತ್ರ ಸಿಗಲಿಲ್ಲ. ನಿವೃತ್ತಿಯ ಸಭೆಯಲ್ಲಿ ಪ್ರಿನ್ಸಿಪಾಲರು ಅವರನ್ನು 'ಗೋಬರ್ ಗ್ಯಾಸ್ ತಜ್ಞೆ' ಅಂದಾಗ ಸಭೆಯೆಲ್ಲ ನಕ್ಕಿತು. ಮೇಡಂ ಎದ್ದು, ಹೊದಿಸಿದ ಶಾಲನ್ನು ಮಡಿಸಿ ಕುರ್ಚಿಯ ಮೇಲೆ ಇಟ್ಟು, ಹೊರಟುಹೋದರು.

ಮೇಡಂ ಹೋದ ವರ್ಷ ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿನಲ್ಲಿ ಅದೇ ಪ್ರಿನ್ಸಿಪಾಲರು 'ನಾಡು ಕಂಡ ಅಪ್ರತಿಮ ಸಂಶೋಧಕಿ' ಅಂತ ಬರೆದು, ಐದು ಸಲ ಕೈ ಮುಗಿದಿದ್ದರು. ನಾನು ಕೆಳಗೆ ಬರೆದೆ: 'ಪತ್ರಕ್ಕೆ ಸಹಿ ಹಾಕಿದ್ರಾ ಸರ್?' ಹತ್ತು ನಿಮಿಷದಲ್ಲಿ ನನ್ನನ್ನು ಗ್ರೂಪಿನಿಂದ ತೆಗೆದರು.

ಮೇಡಂ ತೀರಿಕೊಳ್ಳುವ ಮೂರು ವಾರ ಮುಂಚೆ ನಾನು ಅವರನ್ನು ನೋಡಲು ಹೋಗಿದ್ದೆ. ಅಷ್ಟರಲ್ಲಿ ನಾನು ಚಿಂತಾಮಣಿಯ ಕಾಲೇಜೊಂದರಲ್ಲಿ ಖಾಯಂ ಆಗಿದ್ದೆ. "ಆಪಾ, ಮಂಜುಳಾ ಬಂದಿದಾರೆ," ಅಂತ ಅವರ ತಂಗಿ ಒಳಗೆ ಕರೆದುಕೊಂಡು ಹೋದರು. ಮೇಡಂ ಹಾಸಿಗೆಗೆ ಅಂಟಿಕೊಂಡ ಹಾಗಿದ್ದರು. ನನ್ನ ಕೈಯ ಮೇಲೆ ಕೈ ಇಟ್ಟರು. ಕೇಳಿದರು:

"ಅವತ್ತು ಬೆಳಿಗ್ಗೆ ಗ್ಯಾಸ್ ಕೊಟ್ಟಿದ್ಯಾ?"

ಯಾವತ್ತು ಅಂತ ನಾನು ಕೇಳಲಿಲ್ಲ. "ಕೊಟ್ಟಿದ್ದೆ ಮೇಡಂ."

"ತಗೊಂಡ್ರಾ?"

ಬಾಟಲಿನ ರಬ್ಬರ್ ಬಿರಡೆಗೆ ಸಿರಿಂಜು ಚುಚ್ಚಿ ಗ್ಯಾಸ್ ಕೊಡುತ್ತಿದ್ದೆವು. ಹಿಂದಿನ ಸಲದ್ದನ್ನು ಪೂರ್ತಿ ತಿಂದಿದ್ದರೆ ಒಳಗೆ ಗಾಳಿ ಕಮ್ಮಿಯಾಗಿ, ಸಿರಿಂಜಿನ ದಂಡವನ್ನು ಬಾಟಲೇ ಎಳೆದುಕೊಳ್ಳುತ್ತದೆ; ಒಳಗಿರುವವರು ಚೆನ್ನಾಗಿ ಬದುಕಿದ್ದಾರೆ ಅಂತ ಅರ್ಥ.

"ನಾನು ಒತ್ತಲೇ ಇಲ್ಲ ಮೇಡಂ. ತಾನಾಗೇ ಎಳ್ಕೊಂಡ್ತು. ಹನ್ನೊಂದರಲ್ಲೂ."

ಅವರ ಮುಖ ಒಂದು ಕ್ಷಣ ಅರಳಿತು. ಆಮೇಲೆ ನನ್ನ ಕೈಯ ಮೇಲಿದ್ದ ಕೈಯನ್ನು ತೆಗೆದು ಹೊದಿಕೆಯೊಳಗೆ ಇಟ್ಟುಕೊಂಡರು.

"ಮಂಜುಳಾಗೆ ಟೀ ಕೊಡು," ಅಂದರು ತಂಗಿಗೆ. "ಬಸ್ಸಿಗೆ ಹೊತ್ತಾಯ್ತು ಅವಳಿಗೆ."