ಎತ್ತರ ಮಾತ್ರ ಹೇಳುವ ಪೆಟ್ಟಿಗೆ

ಸೋಮವಾರದ ಮೀಟಿಂಗಿನಲ್ಲಿ, ಸಂಪಾದಕರ ಕಣ್ಣೆದುರಿಗೇ, ನಿವೃತ್ತ ಅಂಚೆ ಅಧಿಕಾರಿಯೊಬ್ಬರ ನಿಧನದ ವೆಬ್ ಪುಟ ಬೆಳೆಯತೊಡಗಿತು. ಗೋಡೆಯ ಪರದೆಯ ಮೇಲೆ ಅವರ ಫೋಟೋ, ಫೋಟೋದ ಕೆಳಗೆ ಓದುಗರು ಸಂತಾಪ ಬರೆಯುವ ಚೌಕಟ್ಟು. ಆ ಚೌಕಟ್ಟು ನೋಡನೋಡುತ್ತಲೇ ಗೇಣುಗೇಣಾಗಿ ಕೆಳಕ್ಕೆ ಇಳಿಯುತ್ತ ಹೋಯಿತು. ಒಳಗಿದ್ದ ಸಂತಾಪ ಎರಡೇ, ಮಿಕ್ಕಿದ್ದೆಲ್ಲ ಬಿಳಿ. ಸಂಪಾದಕರು ಮೌಸಿನ ಗಾಲಿ ತಿರುಗಿಸಿ ತಿರುಗಿಸಿ ಬೆರಳು ನೋಯಿಸಿಕೊಂಡು, "ಇವರು ಇಷ್ಟು ದೊಡ್ಡ ಮನುಷ್ಯರು ಅಂತ ಇದ್ದಾಗ ಗೊತ್ತೇ ಆಗ್ಲಿಲ್ವಲ್ರೀ!" ಅಂದರು.

ಎಲ್ಲರೂ ನಕ್ಕರು. ಆ ಪುಟ ಕಟ್ಟಿದವನು ಮಾತ್ರ ಎದ್ದು, ಪರದೆಯ ತಂತಿ ಕಿತ್ತು, ಮತ್ತೆ ಕೂತ. ಮುಖ ಕೆಂಪಾಗಲಿಲ್ಲ. ಹನ್ನೊಂದು ದಿನದಿಂದ ಅವನ ಮುಖ ಯಾವ ಬಣ್ಣಕ್ಕೂ ತಿರುಗಿರಲಿಲ್ಲ. ಅವನ ಅಮ್ಮ ತೀರಿಕೊಂಡು ಹನ್ನೊಂದು ದಿನ.

ಪತ್ರಿಕೆಯಲ್ಲಿ ಅವನನ್ನು ಚೌಕಟ್ಟಣ್ಣ ಅನ್ನುತ್ತಿದ್ದರು. ಇಪ್ಪತ್ತೆಂಟು ವರ್ಷದ ಹಿಂದೆ, ಸ್ಕೇಲು, ಬ್ಲೇಡು, ಗೋಂದು ಹಿಡಿದು ನಿಧನವಾರ್ತೆಗಳ ಡಬ್ಬಿ ಕಟ್ಟುವ ಕೆಲಸಕ್ಕೆ ಸೇರಿದವನು. ಆಗ ಡಬ್ಬಿಯ ಅಳತೆಗೆ ಮಾತು ಕತ್ತರಿಸಬೇಕಿತ್ತು. ಜಾಗ ಸಾಲದೆ ಯಾರದೋ ಮೂರನೇ ಮಗಳ ಹೆಸರನ್ನೇ ಬಿಟ್ಟಿದ್ದಕ್ಕೆ, ಆಕೆ ಆಫೀಸಿಗೆ ಬಂದು, "ನಾನಿನ್ನೂ ಬದುಕಿದೀನಿ, ನೋಡ್ಕೊಳ್ಳಿ!" ಅಂತ ಮೇಜು ಗುದ್ದಿದ್ದಳು. ಈಗ ಕಾಲ ಉಲ್ಟಾ: ಮಾತಿನ ಅಳತೆಗೆ ಡಬ್ಬಿ ಹಿಗ್ಗಬೇಕು. ಡಬ್ಬಿ ಹಿಗ್ಗಲು ಒಪ್ಪುತ್ತಿರಲಿಲ್ಲ. ಒಪ್ಪಿದ್ದು ಆ ಸೋಮವಾರ ಒಂದೇ, ಅದೂ ಹಾಗೆ.

ತೊಡಕು ಇಷ್ಟೇ. ಹೊರಗಿನ ಪುಟ, ಚೌಕಟ್ಟು ಪತ್ರಿಕೆಯವು, ಚೌಕಟ್ಟಿನೊಳಗಿನ ಸಂತಾಪದ ಪುಟ ಬೇರೊಂದು ಕಂಪನಿಯದು. ಒಂದೇ ಗೋಡೆಯ ಎರಡು ಮನೆ. ಹೊರಗಿನವರು ಒಳಗೆ ಇಣುಕುವಂತಿಲ್ಲ, ಒಳಗಿನವರು ಹೊರಗೆ ಕೈ ಹಾಕುವಂತಿಲ್ಲ. ಬ್ರೌಸರ್ ಎಂಬ ಕಾವಲುಗಾರ ಬಿಡುವುದಿಲ್ಲ. ಬಾಗಿಲ ಸಂದಿಯಿಂದ ಚೀಟಿ ತೂರಿಸಬಹುದು ಅಷ್ಟೆ: "ನನ್ನ ಎತ್ತರ ಇಷ್ಟು." ಸೋಮವಾರ ಒಳಗಿನ ಪುಟ ಹೊರಗಿನ ಚೌಕಟ್ಟನ್ನು ನೋಡಿ ತಾನೂ ಅಷ್ಟೇ ಎತ್ತರವಾಗಿ, ಮೇಲೆ ಪರದೆಯ ಇಪ್ಪತ್ತು ಚುಕ್ಕಿ, ಅಂದರೆ ಪಿಕ್ಸೆಲ್, ಸೇರಿಸಿ ಚೀಟಿ ಹಾಕಿತು. ಹೊರಗಿನದು ನಂಬಿ ಹಿಗ್ಗಿತು. ಒಳಗಿನದು ಮತ್ತೆ ನೋಡಿತು, ಮತ್ತೆ ಇಪ್ಪತ್ತು. ಇಬ್ಬರು ವಿಧೇಯರು ಸೇರಿದರೆ ಆಗುವ ಅನಾಹುತ. ಅವನು ಹಳೆಯ ನಾನೂರು ಪಿಕ್ಸೆಲ್ ಎತ್ತರವನ್ನೇ ವಾಪಸು ಹಾಕಿದ. ಎಲ್ಲ ಪುಟಕ್ಕೂ ಅದೊಂದೇ ಅಳತೆ, ಕೈಯಾರೆ ಹೆಚ್ಚಿಸಿದರೆ ಎರಡೇ ಸಂತಾಪವಿರುವ ಪುಟಗಳೆಲ್ಲ ಬರೀ ಬಿಳಿ.

ಮಧ್ಯಾಹ್ನ ಅಕ್ಕನ ಫೋನು ಬಂತು. ಊರಿನ ಆ ತುದಿಯಲ್ಲಿ ಭಾವನ ಜೊತೆ ಇರುವವಳು. ಅಮ್ಮ ಹೋದಾಗಿನಿಂದ ದಿನಾ ಊಟದ ಹೊತ್ತಿಗೆ ಅವಳ ಫೋನು.

"ಸರಿಮಾಡಿದ್ಯೇನೋ?"

"ಇನ್ನೂ ಇಲ್ಲ."

"ಇನ್ನೂ ಇಲ್ಲ ಅಂತೆ! ಶುಕ್ರವಾರ ಸಂಜೆ ಅಮ್ಮನ ಪುಟ ತೆಗೀತಾರೆ ಅಂತ ನೀನೇ ಹೇಳ್ದೆ."

"ಹೂಂ. ಹದಿನೈದು ದಿನ ಆದ್ರೆ ಪುಟ ತಾನೇ ಹೋಗತ್ತೆ. ಬರೆದಿದ್ದೂ ಹೋಗತ್ತೆ."

ಅಮ್ಮನ ಪುಟದಲ್ಲಿ ಕೊನೆಯ ಸಂತಾಪ ಚಿಕ್ಕಮ್ಮನದು. ಅಮ್ಮನ ಒಬ್ಬಳೇ ತಂಗಿ, ಹನ್ನೊಂದು ವರ್ಷದಿಂದ ಅಮ್ಮನ ಜೊತೆ ಮಾತು ಬಿಟ್ಟವಳು. ಯಾಕೆ ಅಂತ ಕೇಳಿದರೆ ಅಮ್ಮ, "ಗೊತ್ತಿದ್ರೆ ಹೋಗಿ ಕಾಲಾದ್ರೂ ಹಿಡೀತಿದ್ನಲ್ಲೋ" ಅನ್ನುತ್ತಿದ್ದಳು. ಗೊತ್ತಾಗದೆಯೇ ಹೋದಳು. ಈಗ ಚಿಕ್ಕಮ್ಮ ಬರೆದಿದ್ದಳು: "ಮಾತು ಬಿಟ್ಟ ಕಾರಣ ಇವತ್ತು ಹೇಳಿಬಿಡುತ್ತೇನೆ. ಅವತ್ತು ಮದುವೆ ಛತ್ರದಲ್ಲಿ". ಅಲ್ಲಿಗೆ ಚೌಕಟ್ಟು ಮುಗಿಯಿತು. ಮುಂದಿನ ಸಾಲಿನ ತಲೆಕಟ್ಟುಗಳು ಮಾತ್ರ ಕಾಣುತ್ತಿದ್ದವು. ಬರೀ ತಲೆಕಟ್ಟು ನೋಡಿ ಓದುವುದೆಂದರೆ ಟೋಪಿ ನೋಡಿ ನೆಂಟರನ್ನು ಗುರುತಿಸಿದ ಹಾಗೆ. ಸರಿಸಿ ನೋಡೋಣವೆಂದರೆ ಪಕ್ಕದ ಸ್ಕ್ರಾಲ್ ಪಟ್ಟಿ ಅಂದಗೆಡಿಸುತ್ತದೆಂದು ಸಂಪಾದಕರು ತೆಗೆಸಿದ್ದರು. ಕಂಪನಿಯವರನ್ನು ಕೇಳಿದ್ದಕ್ಕೆ, ಬರೆದವರ ಮಾತನ್ನು ಪುಟದ ಹೊರಗೆ ಕೊಡುವುದಿಲ್ಲ ಅಂದರು.

"ಚಿಕ್ಕಮ್ಮಂಗೇ ಫೋನ್ ಮಾಡಿ ಕೇಳು," ಅಂದ ಅವನು.

"ಹನ್ನೊಂದು ವರ್ಷ ಆದ್ಮೇಲೆ ಫೋನ್ ಮಾಡಿ, 'ನಿಮ್ಮ ದುಃಖ ಅರ್ಧಕ್ಕೆ ಕಟ್ಟಾಗಿದೆ, ಉಳಿದಿದ್ದು ಓದಿ' ಅನ್ಲಾ? ನಿಂಗೆ ತಿಳ್ಕೋಬೇಕು ಅಂತ ಅನ್ಸೋದೇ ಇಲ್ವೇನೋ? ಅಮ್ಮ ಹೋದಾಗ್ಲೂ ಹಂಗೆ, ನಾಲ್ಕನೇ ದಿನಕ್ಕೇ ಊಟದ ಡಬ್ಬಿ ಹಿಡ್ಕೊಂಡು ಆಫೀಸಿಗೆ ಹೋದೆ. ಕಲ್ಲು ಕಣೋ ನೀನು."

ತುಂಬ ಹೊತ್ತು ಮಡಿಸಿ ಕೂತ ಕಾಲು ತನ್ನದೋ ಕುರ್ಚಿಯದೋ ತಿಳಿಯುವುದಿಲ್ಲವಲ್ಲ, ಹಾಗಿತ್ತು ಅವನಿಗೆ. ಚುಚ್ಚಿ ನೋಡುವ ಆಸೆಯೂ ಇರಲಿಲ್ಲ.

ಬುಧವಾರ ವಿಭಾಗದ ಮೇಡಂ ಮೇಜಿನ ಬಳಿ ಬಂದರು. "ಏನ್ರೀ ಚೌಕಟ್ಟಣ್ಣ, ಒಂದು ಡಬ್ಬಿಗೆ ಮೂರು ದಿನವಾ? ಯಾರ ಚೀಟಿ ಬಂದ್ರೂ ತಗೊಳ್ಳೋ ಹಾಗೆ ಮಾಡಿ ಮುಗಿಸ್ರೀ."

"ಪಕ್ಕದಲ್ಲೇ ಹಾಸಿಗೆ ಜಾಹೀರಾತಿದೆ ಮೇಡಂ. ಅದೂ ಚೀಟಿ ಹಾಕತ್ತೆ."

"ಹಾಸಿಗೆ ಮಲಗಿರತ್ತೆ ಬಿಡ್ರೀ!"

ಪ್ರಯೋಗದ ಪ್ರತಿಯಲ್ಲಿ ಹಾಗೇ ಮಾಡಿ ತೋರಿಸಿದ. ಹಾಸಿಗೆ ಮಲಗಿರಲಿಲ್ಲ. ತನ್ನ ಎತ್ತರ ತೊಂಬತ್ತು ಅಂತ ಕೂಗಿತು, ಸಂತಾಪದ ಚೌಕಟ್ಟು ಅದು ತನಗೇ ಹೇಳಿದ್ದೆಂದು ತಿಳಿದು ರಿಬ್ಬನ್ನಿನಷ್ಟಾಯಿತು. ಮೇಡಂ, "ಆಯ್ತಪ್ಪ, ನಿಮ್ಮ ದಾರಿಲೇ ಮಾಡಿ" ಅಂತ ಹೋದರು.

ಅವನ ದಾರಿಯಲ್ಲಿ ಚೀಟಿಗೆ ಮೂರು ತಪಾಸಣೆ. ಬಂದದ್ದು ಆ ಕಂಪನಿಯ ವಿಳಾಸದಿಂದಲೇ? ಆ ವಿಳಾಸದ ಬೇರೆ ಕಿಟಕಿಯಿಂದಲ್ಲದೆ ಇದೇ ಚೌಕಟ್ಟಿನಿಂದಲೇ? ಒಳಗಿರುವುದು ಬರೀ ಅಂಕಿಯೇ, ಅದೂ ನೂರೈವತ್ತಕ್ಕೂ ಐದು ಸಾವಿರಕ್ಕೂ ನಡುವಿನದೇ? ಎಷ್ಟೇ ದೊಡ್ಡ ಮನುಷ್ಯ ಸತ್ತರೂ ಐದು ಸಾವಿರಕ್ಕೆ ನಿಲ್ಲಬೇಕು. ಗುರುವಾರ ಕಂಪನಿಯವರಿಗೆ ಫೋನು ಮಾಡಿ, "ಚೌಕಟ್ಟು ಅಳೀಬೇಡಿ, ಒಳಗಿರೋ ಬರಹ ಮಾತ್ರ ಅಳೆದು ಹೇಳಿ" ಅಂದ. ಅವರು ಒಂದು ದಿನದ ಸಮಯ ಕೇಳಿದರು.

ಶುಕ್ರವಾರ ಮೂರೂವರೆಗೆ ಒಳಗಿನಿಂದ ಸರಿಯಾದ ಚೀಟಿ ಬಂತು. ಅಮ್ಮನ ಫೋಟೋದ ಕೆಳಗಿನ ಚೌಕಟ್ಟು ಒಮ್ಮೆ ಹಿಗ್ಗಿ, ನಿಂತಿತು. ಮತ್ತೆ ಅಲುಗಲಿಲ್ಲ. ಅವನು ಅಕ್ಕನಿಗೆ ಫೋನು ಮಾಡಿದ.

"ಈಗ ನೋಡು."

ಆಚೆ ಕನ್ನಡಕದ ಡಬ್ಬಿ ತೆರೆದ ಸದ್ದು. ಆಮೇಲೆ ಅಕ್ಕ ಜೋರಾಗಿ ಓದಿದಳು: "'ಅವತ್ತು ಮದುವೆ ಛತ್ರದಲ್ಲಿ ನಾನು ಕೂತ ಕುರ್ಚಿ ಮುರಿದು ಬಿದ್ದೆ. ಇಡೀ ಛತ್ರ ನಕ್ಕಿತು. ಮೊದಲು ನಕ್ಕವಳು ಅಕ್ಕ. ಅದನ್ನೇ ಹನ್ನೊಂದು ವರ್ಷ ಇಟ್ಟುಕೊಂಡೆ. ಮೊನ್ನೆ ನೆನಪಾಗಿ ನನಗೇ ನಗು ಬಂತು. ಹೇಳೋಣವೆಂದು ಫೋನು ಎತ್ತಿಕೊಂಡಾಗ ಪತ್ರಿಕೆಯಲ್ಲಿ ಅವಳ ಫೋಟೋ.'"

ಅಕ್ಕನಿಗೆ ಮುಂದೆ ಓದಲಾಗಲಿಲ್ಲ. ನಗುತ್ತಿದ್ದಳೋ ಅಳುತ್ತಿದ್ದಳೋ, ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತದೆ. ಆಮೇಲೆ ಮೂಗೊರೆಸಿಕೊಂಡು ಕೇಳಿದಳು:

"ಕುರ್ಚಿ ಕಣೋ! ಒಂದು ಕುರ್ಚಿಗೆ! ಅಮ್ಮಂಗೆ ಗೊತ್ತಾಗಿದ್ರೆ... ನೀನೂ ನೋಡ್ತಿದೀಯ ತಾನೆ? ಏನಾದ್ರೂ ಹೇಳೋ. ಈಗ್ಲಾದ್ರೂ ನಿಂಗೆ ಏನಾದ್ರೂ ಅನ್ನಿಸ್ತಾ ಇದ್ಯಾ?"

ಅವನು ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿ ನೋಡಿದ.

"ಕೆಳಗಡೆ ಹನ್ನೆರಡು ಪಿಕ್ಸೆಲ್ ಖಾಲಿ ಉಳ್ಕೊಂಡಿದೆ, ಅಕ್ಕ," ಅಂದ. "ಎಲ್ಲಿಂದ ಬಂತು ಅಂತ ಗೊತ್ತಾಗ್ತಿಲ್ಲ."