ಒಂಬತ್ತನೆಯ ಕೋಣೆ

ಕೀಲುಂಗ್ ಬಂದರಿನ ಎರಡನೆಯ ಧಕ್ಕೆಗೆ ಎದುರಾಗಿರುವ ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮೇಜು ಲಿಯೆನ್ ಸುಹುವಾಳದು. ಹತ್ತೊಂಬತ್ತು ವರ್ಷಗಳಿಂದ ಅವಳು ಅಲ್ಲಿ ಕೂತು, ಮುಖ ನೋಡದ ಜನರಿಗೆ ಫೋನ್ ಮಾಡಿ, ಅವರು ತಿಂಗಳುಗಟ್ಟಲೆ ಕಾದಿದ್ದ ಹಡಗಿನ ಪ್ರಯಾಣವನ್ನು ಬೇರೊಂದು ದಿನಕ್ಕೆ ಹಾಕಿಕೊಳ್ಳುವಿರಾ ಎಂದು ಕೇಳುತ್ತಿದ್ದಳು. ಕಂಪನಿ ಇರುವ ಕೋಣೆಗಳಿಗಿಂತ ಹೆಚ್ಚು ಟಿಕೆಟ್ ಮಾರುತ್ತಿತ್ತು. ಕೆಲವರು ಹೇಗೂ ಬರುವುದಿಲ್ಲ ಎಂಬ ಅಂದಾಜು ಅದಕ್ಕೆ ಆಧಾರ. ಅಂದಾಜು ತಪ್ಪುವ ಸೂಚನೆ ಕಂಡ ವಾರ ಅವಳ ಮೇಜಿಗೆ ಒಂದು ಪಟ್ಟಿ ಬರುತ್ತಿತ್ತು.

ಈ ಕೆಲಸ ಅವಳಿಗೆ ಸರಕಿನ ಕಡೆಯಿಂದ ಬಂದದ್ದು. ಅವಳ ತಂದೆ ಇದೇ ಧಕ್ಕೆಯಲ್ಲಿ ಭಾರ ಎತ್ತುವ ಯಂತ್ರ ನಡೆಸುತ್ತಿದ್ದವನು. ವಾಣಿಜ್ಯ ಶಾಲೆ ಮುಗಿಸಿ ಇಪ್ಪತ್ತನೆಯ ವಯಸ್ಸಿಗೆ ಅವಳು ಸರಕು ಸಾಗಿಸುವ ಕಚೇರಿಯೊಂದಕ್ಕೆ ಸೇರಿದಳು. ಅಲ್ಲಿಯೂ ಹಡಗು ಹಿಡಿಸುವುದಕ್ಕಿಂತ ಹೆಚ್ಚು ಪೆಟ್ಟಿಗೆಗಳನ್ನು ಒಪ್ಪಿಕೊಳ್ಳುವುದು ವಾಡಿಕೆ. ಎಲ್ಲವೂ ಬಂದುಬಿಟ್ಟರೆ ಕೆಲವನ್ನು ಧಕ್ಕೆಯ ಮೇಲೆ ಬಿಟ್ಟು ಮುಂದಿನ ಹಡಗಿಗೆ ಏರಿಸುತ್ತಿದ್ದರು. ಬಂದರಿನವರು ಅದನ್ನು ‘ಬಿಸಾಡುವುದು’ ಎನ್ನುತ್ತಿದ್ದರು. ಯಾವುದನ್ನು ಬಿಸಾಡಬೇಕೆಂದು ಸೀಸದ ಕಡ್ಡಿಯಲ್ಲಿ ಗುರುತು ಹಾಕುವುದು ಸುಹುವಾಳ ಪಾಲಿನ ಕೆಲಸವಾಗಿ ಇಪ್ಪತ್ತೆರಡು ವರ್ಷ ನಡೆಯಿತು. ಆಮೇಲೆ ಸರಕಿನ ಹಡಗುಗಳು ಬೇರೆ ಬಂದರುಗಳ ಕಡೆ ತಿರುಗಿದವು, ಅವುಗಳ ಜಾಗಕ್ಕೆ ಓಕಿನಾವಾ ಕಡೆಗೆ ವಿಹಾರ ಹೋಗುವ ಬಿಳಿಯ ಹಡಗುಗಳು ಬಂದವು. ಅವಳನ್ನು ಕೆಲಸಕ್ಕೆ ತೆಗೆದುಕೊಂಡವರು ಇದೂ ಅದೇ ಕೆಲಸವಲ್ಲವೇ ಎಂದರು. ಪೆಟ್ಟಿಗೆಗಳು ಮಾತ್ರ ಯಾವತ್ತೂ ಕಾರಣ ಕೇಳಿರಲಿಲ್ಲ.

ಹೊಸ ಕೆಲಸದ ಮೂರನೆಯ ವರ್ಷ ಒಂದು ಮುದುಕಿಯನ್ನೂ ಅವಳ ಇಬ್ಬರು ಹೆಣ್ಣುಮಕ್ಕಳನ್ನೂ ಸುಹುವಾ ಹಡಗು ಹತ್ತುವ ಗೇಟಿನಿಂದ ಹಿಂದಕ್ಕೆ ಕಳಿಸಬೇಕಾಯಿತು. ಮುದುಕಿ ಕೆಂಪು ಬಣ್ಣದ ಹೊಸ ಅಂಗಿ ತೊಟ್ಟಿದ್ದಳು. ಕೋಣೆ ಇಲ್ಲ ಎಂಬ ಮಾತು ಅವಳ ತಲೆಗೆ ಹೋಗಲೇ ಇಲ್ಲ. ಸುಹುವಾಳ ಎರಡೂ ಕೈ ಹಿಡಿದುಕೊಂಡು, “ನನ್ನಿಂದೇನಾದ್ರೂ ತಪ್ಪಾಯ್ತಾ ಮಗಾ? ಆಗಿದ್ರೆ ಹೊಟ್ಟೆಗೆ ಹಾಕ್ಕೋ,” ಎಂದು ಮತ್ತೆ ಮತ್ತೆ ಕೇಳಿದಳು. ತನ್ನ ಹಡಗಿನ ಗೇಟಿನಿಂದ ಇನ್ನು ಯಾರೂ ಹಿಂದಿರುಗಬಾರದು ಎಂದು ಸುಹುವಾ ಆ ದಿನ ನಿಶ್ಚಯಿಸಿದಳು. ಹದಿನಾರು ವರ್ಷ ಅದನ್ನು ನಡೆಸಿಕೊಂಡೂ ಬಂದಳು. ನಡೆಸಿದ್ದು ಗಂಟಲು ಬೀಳುವತನಕ ಫೋನ್ ಮಾಡುವುದರ ಬಲದಿಂದ. ಅರವತ್ತೊಂದನೆಯ ವಯಸ್ಸಿಗೆ ಅವಳಲ್ಲಿ ಹೆಮ್ಮೆಯೆನ್ನುವುದು ಉಳಿದಿದ್ದರೆ ಅದೊಂದೇ.

ಆ ಬೇಸಗೆಯ ಒಂದು ಸೋಮವಾರ ಮ್ಯಾನೇಜರ್ ಕಾಂಗ್ ತಂದಿಟ್ಟ ಪಟ್ಟಿಯಲ್ಲಿ ಒಂಬತ್ತು ಎಂದಿತ್ತು. ಒಂಬತ್ತು ಕೋಣೆಯವರು ಶುಕ್ರವಾರ ಮಧ್ಯಾಹ್ನದೊಳಗೆ ಬೇರೆ ದಿನಕ್ಕೆ ಒಪ್ಪಬೇಕು. ಕಾಂಗ್ ಮೂವತ್ತೈದರ ಚುರುಕು ಹುಡುಗ, ಹಾಂಗ್‌ಕಾಂಗ್‌ನಲ್ಲಿ ಓದಿ ಬಂದವನು.

“ಬೇರೆ ದಿನ ಅಂದ್ರೆ ಯಾವುದಪ್ಪ?” ಸುಹುವಾ ಕೇಳಿದಳು.

“ಮುಂದಿನ ಮೂರು ಹಡಗಲ್ಲಿ ಯಾವುದಾದ್ರೂ ಸರಿ ಅಕ್ಕ. ಮೂರೂ ಖಾಲಿ ಹೊಡೀತಿವೆ. ಹಣ ಪೂರ್ತಿ ವಾಪಸ್, ಮೇಲೆ ಬಾಲ್ಕನಿ ಇರೋ ಕೋಣೆ. ಯಾರು ಬೇಡ ಅಂತಾರೆ?”

“ಯಾಕೆ ಖಾಲಿ ಇವೆ ಅಂತ ಯೋಚ್ನೆ ಮಾಡಿದ್ಯಾ?”

ಕಾಂಗ್ ಗೋಡೆಯ ಪಂಚಾಂಗ ನೋಡಿದ. ಶನಿವಾರದ ಹಡಗು ಚಾಂದ್ರಮಾನದ ಏಳನೆಯ ತಿಂಗಳಿಗೆ ಮುಂಚಿನ ಕೊನೆಯದು. ಅದರ ಮರುವಾರ ಸತ್ತವರ ಲೋಕದ ಬಾಗಿಲು ತೆರೆಯುತ್ತದೆ. ಮನೆಯಿಲ್ಲದ ಪ್ರೇತಗಳು ತಿಂಗಳಿಡೀ ತಿರುಗುತ್ತವೆ, ನೀರಿನ ಹತ್ತಿರ ಹೋದವರ ಕಾಲು ಹಿಡಿಯುತ್ತವೆ. ಕೀಲುಂಗಿನವರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

“ಅಯ್ಯೋ,” ಎಂದ ಕಾಂಗ್. “ಅಕ್ಕಾ, ನೀವೇ ಗತಿ.”

ಬುಧವಾರ ಸಂಜೆಯ ಹೊತ್ತಿಗೆ ಸುಹುವಾ ಅರವತ್ತೆಂಟು ಫೋನ್ ಮಾಡಿದ್ದಳು. ಟ್ಯಾಕ್ಸಿ ಓಡಿಸುವವನೊಬ್ಬ, “ನಮ್ಮತ್ತೆಗೆ ಬೇಕಾದ್ರೆ ಆ ಟಿಕೆಟ್ ಕೊಡಿ, ನನಗೆ ಬೇಡ,” ಎಂದ. ಇನ್ನೊಬ್ಬಾಕೆ, “ಬಾಲ್ಕನಿ ಅಂತೀರಲ್ಲ, ಅವು ಹತ್ತೋಕೆ ಸುಲಭ ಆಗ್ಲಿ ಅಂತಲಾ?” ಎಂದು ಫೋನ್ ಕುಕ್ಕಿದಳು. ಇಬ್ಬರು ದಾದಿಯರು, ಒಬ್ಬ ಬೈಕಿನ ಮೆಕ್ಯಾನಿಕ್ ಒಪ್ಪಿದರು. ಎರಡು ಕೋಣೆ ಬಿಡುಗಡೆಯಾಯಿತು.

ಗುರುವಾರ ಬೆಳಿಗ್ಗೆ ಅವಳಿಗೆ ಹೊಳೆದದ್ದು ಕ್ರೈಸ್ತರ ವಿಚಾರ. ತಾಮ್ಸುಯಿಯ ಒಂದು ಇಗರ್ಜಿಯ ಹಿರಿಯರ ಹಾಡಿನ ಗುಂಪು ಆರು ಕೋಣೆ ಕಾಯ್ದಿರಿಸಿತ್ತು. ಪಾದ್ರಿಯ ಹೆಂಡತಿ ನಕ್ಕಳು. “ನಮಗೆಲ್ಲಿಯ ಪ್ರೇತ ತಂಗಿ? ಖಂಡಿತ ಹೋಗ್ತೀವಿ.” ಎರಡು ಗಂಟೆಯ ನಂತರ ಅವಳೇ ಮತ್ತೆ ಫೋನ್ ಮಾಡಿದಳು; ಧ್ವನಿ ತಗ್ಗಿತ್ತು. “ಎಲ್ರಿಗೂ ದೇವರ ಮೇಲೆ ನಂಬಿಕೆ ಇದೆ. ಆದ್ರೆ ಒಬ್ರಿಗೆ ಸೊಸೆ ಬೇಡ ಅಂತಾಳಂತೆ, ಇನ್ನೊಬ್ರಿಗೆ ಮಂಡಿ ನೋವಂತೆ. ಮುಂದಿನ ತಿಂಗಳು ಮಂಡಿ ನೋಯುತ್ತೆ ಅಂತ ಈಗ್ಲೇ ಹೇಗೆ ಗೊತ್ತಾಯ್ತೋ! ಅವರನ್ನ ನಾನು ನೋಡ್ಕೋತೀನಿ.” ನೋಡಿಕೊಂಡಳು ಕೂಡ. ಶುಕ್ರವಾರ ಹತ್ತಕ್ಕೆ ಎಂಟು ಕೋಣೆಯಾಯಿತು.

ಒಂಬತ್ತನೆಯದಕ್ಕೆ ಅವಳು ವೆನ್ ಮೇಷ್ಟ್ರಿಗೆ ಫೋನ್ ಮಾಡಿದಳು. ಎಪ್ಪತ್ತೆಂಟು ವರ್ಷ, ನಿವೃತ್ತ ಶಾಲಾ ಮೇಷ್ಟ್ರು, ಕೋಣೆಯ ನಂಬರ್ ಇಲ್ಲದ ಅಗ್ಗದ ಟಿಕೆಟ್. ಅಂಥ ಟಿಕೆಟ್‌ನವರಿಗೆ ಧಕ್ಕೆಯಲ್ಲಿ ಉಳಿದ ಕೋಣೆ ಕೊಡುವುದು ಕ್ರಮ. ಉಳಿಯದಿದ್ದರೆ ಹಿಂದಕ್ಕೆ ಹೋಗುವವರೂ ಅವರೇ.

“ಆಗಲಿ ಬಿಡಮ್ಮ, ನಿಮಗೆ ಹೇಗೆ ಅನುಕೂಲವೋ ಹಾಗೆ,” ಎಂದರು ಮೇಷ್ಟ್ರು, ಅವಳ ಮಾತು ಮುಗಿಯುವ ಮುನ್ನವೇ.

ಸೀಸದ ಕಡ್ಡಿ ಹೆಸರಿನ ಮೇಲೆ ಇಳಿದಿತ್ತು. ಇಷ್ಟು ಬೇಗ ಒಪ್ಪುವವರನ್ನು ಸುಹುವಾ ಬಲ್ಲಳು. ಅವರು ಜೀವನವಿಡೀ ಎಲ್ಲರಿಗೂ ಜಾಗ ಬಿಟ್ಟುಕೊಟ್ಟವರು. ಎಲ್ಲ ಪಟ್ಟಿಗಳ ಭಾರವೂ ಕೊನೆಗೆ ಬೀಳುವುದು ಅವರ ಮೇಲೆ.

“ಜೊತೆಗೆ ಬರೋರು ಯಾರು ಮೇಷ್ಟ್ರೇ?”

“ತಮ್ಮ. ಬ್ರೆಜಿಲ್‌ನಲ್ಲಿರ್ತಾನೆ. ನಲವತ್ತೊಂದು ವರ್ಷ ಆದ್ಮೇಲೆ ಬಂದಿದಾನೆ.”

“ವಾಪಸ್ ಯಾವಾಗ?”

“ಬರೋ ಗುರುವಾರ.”

“ಹಾಗಾದ್ರೆ ಮುಂದಿನ ತಿಂಗಳು ಯಾರ್ ಜೊತೆ ಹೋಗ್ತೀರಿ?”

“ಒಬ್ನೇ ಹೋದ್ರಾಯ್ತು. ಹಡಗೇನು ಒಬ್ಬನ್ನ ಬೇಡ ಅನ್ನುತ್ತಾ?”

ಸುಹುವಾ ಕಡ್ಡಿ ಕೆಳಗಿಟ್ಟಳು. “ನೀವು ನಾಳೆಯೇ ಬನ್ನಿ. ನಾನು ಫೋನ್ ಮಾಡೇ ಇಲ್ಲ ಅಂದ್ಕೊಳ್ಳಿ.”

“ಅದರಿಂದ ನಿಮಗೆ ತೊಂದ್ರೆ ಆಗಲ್ವಾ?”

“ಆಗುತ್ತೆ. ಬನ್ನಿ.”

ಎಂಟಕ್ಕೇ ನಿಂತ ಪಟ್ಟಿಯನ್ನು ನೋಡಿ ಕಾಂಗ್ ಹೆಚ್ಚು ಮಾತಾಡಲಿಲ್ಲ. “ಯಾರಾದ್ರೂ ಒಬ್ರು ಬರಲ್ಲ ಬಿಡಿ,” ಎಂದ. ಬಾರದವರನ್ನೂ ಲೆಕ್ಕಕ್ಕೆ ಹಿಡಿದೇ ಒಂಬತ್ತು ಬಂದದ್ದೆಂದು ಸುಹುವಾ ಹೇಳಹೊರಟವಳು, ಗಂಟಲು ಕೂತಿದ್ದರಿಂದ ಸುಮ್ಮನಾದಳು.

ಶನಿವಾರ ಎಲ್ಲರೂ ಬಂದರು. ಜ್ವರ ಬಂದವರು ಜ್ವರದೊಂದಿಗೆ ಬಂದರು. ಮಧ್ಯಾಹ್ನ ಎರಡಕ್ಕೆ ಉಳಿದದ್ದು ಒಂದು ಕೋಣೆ. ಒಳಗೆ ಹೋಗಬೇಕಾದವರು ಎರಡು ಜೋಡಿ. ವೆನ್ ಸಹೋದರರು ಇನ್ನೂ ಕಾಣಿಸಿರಲಿಲ್ಲ. ಇನ್ನೊಂದು ಜೋಡಿ, ಯಿಲಾನ್ ಕಡೆಯ ಲುವೊತುಂಗ್‌ನಲ್ಲಿ ಬೆಳಗಿನ ತಿಂಡಿಯ ಅಂಗಡಿ ನಡೆಸುವ ಫಾಂಗ್ ಜಿನ್‌ಚಾಯ್ ಮತ್ತು ಅವನ ಹೆಂಡತಿ ಯೂಶ್ಯಾ, ಆಗಲೇ ಕೌಂಟರಿನ ಮುಂದೆ ನಿಂತಿದ್ದರು. ಯೂಶ್ಯಾ ಕೈಚೀಲವನ್ನು ನೆಲದ ಮೇಲೆ ಸುರಿದು ಕೂತಿದ್ದಳು.

“ಇಟ್ಟೆ ಇಟ್ಟೆ ಅಂತೀಯಲ್ಲ, ಪಾಸ್‌ಪೋರ್ಟ್ ಎಲ್ಲಿಟ್ಟೆ?”

“ಮನೇಲಿ, ಹಿರಿಯರ ಪೀಠದ ಮುಂದೆ,” ಎಂದ ಫಾಂಗ್. “ಬೆಳಿಗ್ಗೆ ಊದುಬತ್ತಿ ಹಚ್ಚಿ, ಹೋಗಿಬರ್ತೀವಿ, ಕಾಪಾಡಿ ಅಂತ ಬೇಡ್ಕೊಂಡೆ. ಆಶೀರ್ವಾದ ಆಗ್ಲಿ ಅಂತ ಅಲ್ಲಿಟ್ಟೆ ಮಾರಾಯ್ತಿ.”

“ಸರಿಹೋಯ್ತು! ನಿಮ್ಮಪ್ಪ, ನಿಮ್ಮಜ್ಜ ಇಬ್ರೂ ಓಕಿನಾವಾ ನೋಡ್ಕೊಂಡು ಬರ್ಲಿ. ನಾವು ಹೋಗಿ ಅವರ ಪೀಠದ ಮೇಲೆ ಕೂತ್ಕೊಳ್ಳೋಣ. ಹನ್ನೆರಡು ವರ್ಷಕ್ಕೆ ಒಂದ್ಸಲ ಅಂಗಡಿ ಬಾಗಿಲು ಹಾಕಿದ್ದು, ಕೇಳಿದ್ರಾ ಅಕ್ಕಾ? ಹನ್ನೆರಡು ವರ್ಷ!”

ಸುಹುವಾಳ ಭುಜಗಳು ತಾವಾಗಿ ಸಡಿಲಗೊಂಡವು. ಕಾಗದ ಇಲ್ಲದವರು ಹಡಗು ಹತ್ತುವಂತಿಲ್ಲ. ಅದು ಅವರದೇ ತಪ್ಪು. ಒಂಬತ್ತನೆಯ ಕೋಣೆ ಸಿಕ್ಕಿತು, ಯಾರನ್ನೂ ಹಿಂದಕ್ಕೆ ಕಳಿಸಬೇಕಾಗಿಲ್ಲ. ನೆಲದ ಮೇಲೆ ಬಾಚಣಿಗೆ, ಮಾತ್ರೆ, ಬೇಯಿಸಿದ ಮೊಟ್ಟೆಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಿದ್ದ ಹೆಂಗಸನ್ನು ನೋಡುತ್ತಾ ತನಗೆ ಆಗುತ್ತಿರುವುದು ನೆಮ್ಮದಿ ಎಂಬುದು ಅವಳಿಗೆ ಅರಿವಾಯಿತು. ಇಷ್ಟು ವರ್ಷಗಳಲ್ಲಿ ಅವಳಿಗೆ ತನ್ನ ಬಗ್ಗೆ ಅಷ್ಟು ಹೇಸಿಗೆ ಆದದ್ದಿಲ್ಲ.

“ಮನೆಯಲ್ಲಿ ಯಾರಿದ್ದಾರೆ?” ಎಂದಳು.

“ಮಗ.”

“ಕಾರಿದೆಯಾ? ಗೇಟು ಹಾಕೋದು ಮೂರೂವರೆಗೆ. ಈಗ್ಲೇ ಹೊರಡೋಕೆ ಹೇಳಿ. ಬೆಟ್ಟದ ಸುರಂಗದ ದಾರೀಲಿ ಬಂದ್ರೆ ಹೊತ್ತಿಗೆ ಮುಟ್ತಾನೆ.”

ಫಾಂಗ್ ಫೋನ್ ಹಿಡಿದು ಓಡಿದ. ಕಾಂಗ್ ಅವಳನ್ನು ಪಕ್ಕಕ್ಕೆ ಕರೆದ. “ಅಕ್ಕಾ, ಯಾಕೆ ಹೇಳಿದ್ರಿ? ತಾನಾಗೇ ಬಗೆಹರೀತಿತ್ತು.”

“ಅವರು ಕೇಳಿದ್ರು.”

“ಎಲ್ಲಿ ಕೇಳಿದ್ರು? ನಾನಿಲ್ಲೇ ನಿಂತಿದ್ದೆ.”

ಇನ್ನು ಸುಹುವಾಳಿಗೆ ಉಳಿದದ್ದು, ತಾನೇ ಬನ್ನಿ ಎಂದು ಕರೆದಿದ್ದ ವೆನ್ ಮೇಷ್ಟ್ರು ಬಾರದೇ ಇರಲಿ ಎಂಬ ಆಸೆ. ಅದೂ ಮೂರು ಗಂಟೆ ಐದು ನಿಮಿಷದವರೆಗೆ ಮಾತ್ರ. ಗುಡಿಯ ಮುಂದಿನ ಪೇಟೆಯಲ್ಲಿ ತಮ್ಮನಿಗೆ ಹಳೆಯ ರುಚಿಯ ಸಾರು ಕುಡಿಸುತ್ತಾ ತಡವಾಯಿತೆಂದು ಮೇಷ್ಟ್ರು ಕ್ಷಮೆ ಕೇಳಿದರು. ಅವರ ಕಾಗದಗಳೆಲ್ಲ ಸರಿಯಾಗಿದ್ದವು. ಕಾಗದ ಇದ್ದವರಿಗೆ ಕೋಣೆ, ಅದು ನಿಯಮ. ಸುಹುವಾ ತಾನೇ ಕೀಲಿಯ ಕಾರ್ಡು ಕೊಟ್ಟಳು. ತಮ್ಮ ಆಗಲೇ ಮುಂದೆ ಹೋಗಿದ್ದ. ಮೇಷ್ಟ್ರು ಹಿಂದೆ ನಿಂತು ಕೇಳಿದರು. “ತೊಂದ್ರೆ ಆಯ್ತಾ ನಿಮಗೆ?”

“ಇನ್ನೂ ಇಲ್ಲ ಮೇಷ್ಟ್ರೇ. ಹೋಗಿ.”

ಫಾಂಗ್ ದಂಪತಿಗೆ ಆಗಲೇ ಹೇಳಿಬಿಡಬಹುದಿತ್ತು. ಅವಳು ಹೇಳಲಿಲ್ಲ. ಸುರಂಗದೊಳಗೆ ಕಾರುಗಳು ನಿಂತುಹೋಗಿರಲಿ, ಮಗ ಹತ್ತು ನಿಮಿಷ ತಡವಾಗಿ ಬರಲಿ, ತಪ್ಪೆಲ್ಲ ಗಡಿಯಾರದ ಮೇಲೆ ಹೋಗಲಿ ಎಂದು ಕಾದಳು. ಮೂರು ಗಂಟೆ ಇಪ್ಪತ್ತೆರಡಕ್ಕೆ ಮಗ ಚಪ್ಪಲಿಯಲ್ಲೇ ಓಡಿಬಂದ. ಪಾಸ್‌ಪೋರ್ಟುಗಳ ಮೇಲೆ ಊದುಬತ್ತಿಯ ಬೂದಿ ಇತ್ತು.

“ಎಂಟು ನಿಮಿಷ ಇದೆ!” ಯೂಶ್ಯಾ ಕೂಗಿದಳು. ಗಂಡನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. “ನಿನ್ನ ಪುಣ್ಯ. ಇಲ್ದಿದ್ರೆ ಸಾಯೋತನಕ ನನ್ ಕೈಲಿ ಅನ್ನಿಸ್ಕೋತಿದ್ದೆ.”

ಕಾಂಗ್ ಸುಹುವಾಳ ಕಿವಿಯ ಹತ್ತಿರ ಬಗ್ಗಿದ. “ಕಾಗದ ತಡವಾಯ್ತು, ಹೆಸರು ಆಗ್ಲೇ ತೆಗೆದಾಯ್ತು ಅಂತ ಹೇಳಿ. ನಂಬ್ತಾರೆ. ಕಂಪನಿ ಏನೂ ಕೊಡ್ಬೇಕಾಗಲ್ಲ, ನಿಮ್ಮ ಹದಿನಾರು ವರ್ಷಕ್ಕೂ ಕಪ್ಪು ಚುಕ್ಕೆ ಬರಲ್ಲ.”

ಅದು ನಿಜ. ಆ ಒಂದು ಮಾತಿನಿಂದ ಗೇಟಿನಿಂದ ಯಾರನ್ನೂ ಕಳಿಸಿದಂತೆ ಆಗುತ್ತಿರಲಿಲ್ಲ, ಅವರಾಗಿಯೇ ಹೋದಂತಾಗುತ್ತಿತ್ತು. ಫಾಂಗ್ ಆಗಲೇ ಎರಡೂ ಪಾಸ್‌ಪೋರ್ಟ್ ಮುಂದೆ ಚಾಚಿ ನಿಂತಿದ್ದ.

“ನೀವು ಹೊತ್ತಿಗೆ ಸರಿಯಾಗೇ ಬಂದಿದೀರಿ,” ಎಂದಳು ಸುಹುವಾ. “ಕೋಣೆ ಇಲ್ಲ. ಇರೋದಕ್ಕಿಂತ ಜಾಸ್ತಿ ಮಾರಿದೀವಿ ನಾವು.”

ಹತ್ತೊಂಬತ್ತು ವರ್ಷಗಳಲ್ಲಿ ‘ಹಡಗು ತುಂಬಿದೆ’, ‘ಅನಿವಾರ್ಯ ಕಾರಣ’, ‘ವಿಶೇಷ ಅವಕಾಶ’ ಎಂದೆಲ್ಲ ಅವಳು ಹೇಳಿದ್ದುಂಟು. ಈ ಮಾತನ್ನು ಹೇಳಿದ್ದು ಅದೇ ಮೊದಲು.

ಯೂಶ್ಯಾ ಗಂಡನ ಕಡೆ ಕೈ ತೋರಿಸಿದಳು. “ಇವನು ಅದನ್ನ ಅಲ್ಲಿ ಇಟ್ಟು ಬರ್ದೇ ಇದ್ದಿದ್ರೆ?”

“ಎರಡು ಗಂಟೆಗೇ ಒಳಗೆ ಹೋಗಿರ್ತಿದ್ರಿ. ಆಗ ನಿಮ್ಮ ಬದ್ಲು ಬೇರೆ ಯಾರೋ ಇಲ್ಲಿ ನಿಂತಿರ್ತಿದ್ರು. ಯಾರಾದ್ರೂ ಒಬ್ರು ಇಲ್ಲಿ ನಿಲ್ಲೋ ಹಾಗೆ ನಾವೇ ಮಾಡಿಟ್ಟಿದ್ದು. ಅದು ನಿಮ್ಮೆಜಮಾನರು ಮಾಡಿದ್ದಲ್ಲ.”

ಯೂಶ್ಯಾ ಬಯ್ಯುತ್ತಾಳೆಂದು ಸುಹುವಾ ಕಾದಳು, ಬೈದಿದ್ದರೆ ಹಗುರವಾಗುತ್ತಿತ್ತು. ಯೂಶ್ಯಾ ಸೂಟ್‌ಕೇಸಿನ ಮೇಲೆ ಕೂತು, ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿಯನ್ನು ಒತ್ತಿಕೊಂಡಳು. ಕಾಂಗ್ ಅಷ್ಟು ದೂರದಲ್ಲಿ ಫೋನಿನಲ್ಲಿ ಯಾರಿಗೋ ವಿವರಿಸುತ್ತಿದ್ದ.

ಪರಿಹಾರದ ಅರ್ಜಿಯಲ್ಲಿ ಕಾರಣಕ್ಕೆ ಮೂರು ಸಾಲು ಅಚ್ಚಾಗಿದ್ದವು: ದಾಖಲೆಯ ಕೊರತೆ, ತಡವಾದ ಆಗಮನ, ಸ್ವಂತ ಇಚ್ಛೆ. ಸುಹುವಾ ಮೂರನ್ನೂ ಹೊಡೆದುಹಾಕಿ, ಪಕ್ಕದ ಅಂಚಿನಲ್ಲಿ ತನ್ನ ಹಳೆಯ ಕಚೇರಿಯ ದುಂಡು ಅಕ್ಷರದಲ್ಲಿ ‘ಕಂಪನಿ ಇರುವ ಕೋಣೆಗಳಿಗಿಂತ ಹೆಚ್ಚು ಮಾರಿದ್ದು’ ಎಂದು ಬರೆದು, ಕೆಳಗೆ ಹೆಸರು ಹಾಕಿದಳು. ಫಾಂಗ್ ಅದನ್ನು ತುಟಿಯಲ್ಲೇ ಓದಿಕೊಂಡ.

“ಇದರದ್ದೊಂದು ಫೋಟೋ ತೆಗೀಲಾ ಅಕ್ಕಾ? ಇವಳು ಮುಂದೆ ಶುರು ಮಾಡಿದ್ರೆ ತೋರಿಸ್ಬಹುದು.”

“ತೆಗಿ, ತೆಗಿ,” ಎಂದಳು ಯೂಶ್ಯಾ, ತಲೆಯೆತ್ತದೆ. “ಅಂಗಡಿಗೆ ಚೌಕಟ್ಟು ಹಾಕಿಸಿ ನೇತುಹಾಕು.” ಆಮೇಲೆ ಮಗನ ಕಡೆ ತಿರುಗಿ ಊಟ ಆಯಿತೇ ಎಂದು ಕೇಳಿದಳು. ಆಗಿರಲಿಲ್ಲ. ಮೂವರೂ ಸೂಟ್‌ಕೇಸು ಎಳೆದುಕೊಂಡು ಹೊರಗೆ ಶುರುವಾಗಿದ್ದ ಮಳೆಯ ಕಡೆ ಹೊರಟರು.

ಮೂರೂವರೆಗೆ ಗೇಟು ಹಾಕಿದರು. ಸುಹುವಾ ಕೌಂಟರಿನ ಹಿಂದಿನ ಕುರ್ಚಿಯಲ್ಲಿ, ಬೆಳಗಿನಿಂದ ಮೊದಲ ಬಾರಿಗೆ, ಕೂತಳು.