ಅತ್ತೆ ಕಾಪಾಡಿದ ಕಂಬ

ನಮ್ಮತ್ತೆ ಫೋಟೋ ತೆಗೆಯುತ್ತಿದ್ದದ್ದು ಮೂಗಿನ ತುದಿಯಿಂದ. ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿ ಬಿಡಿಸಿ ಅವರ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಎಷ್ಟು ಒತ್ತಿದರೂ ಮೊಬೈಲಿಗೆ ಗೊತ್ತೇ ಆಗುತ್ತಿರಲಿಲ್ಲ. ಒಂದೆರಡು ದಿನ ಫೋನಿಗೆ ಬೈದು ನೋಡಿದರು, ಆಮೇಲೆ ಬಗ್ಗಿ ಮೂಗಿನಿಂದಲೇ ಒತ್ತಿಬಿಟ್ಟರು. ಟಕ್ಕೆಂದು ಫೋಟೋ ಬಂತು. ಅವತ್ತಿನಿಂದ ನನ್ನ ಫೋನಿನ ಮೇಲೆ ಸದಾ ಅವರ ಹಣೆಯ ವಿಭೂತಿ. ಒರೆಸಿ ಒರೆಸಿ ನನಗೆ ಸಾಕಾಗಿತ್ತು. "ಮೂಗು ಇರೋದು ಬರೀ ಉಸಿರಾಡೋಕೇನೇ?" ಅನ್ನೋರು.

ನಮ್ಮ ಮನೆ ಇರುವುದು ಲಕ್ಕವಳ್ಳಿ ಡ್ಯಾಮಿನ ಹಿನ್ನೀರಿನ ದಂಡೆಯ ಮೇಲೆ. ಮುಂದೆ ನೀರು, ಹಿಂದೆ ಅರಣ್ಯ ಇಲಾಖೆಯವರು ತೋಡಿಸಿದ ಆನೆ ಕಂದಕ, ನಡುವೆ ನಾಲ್ಕಾರು ಮನೆ. ಅಜ್ಜಂಪುರದ ಕಡೆಯ ಬಯಲಿನಿಂದ ಮದುವೆಯಾಗಿ ಬಂದ ನನಗೆ ಅಷ್ಟೊಂದು ನೀರು ಕಂಡು ಮೊದಮೊದಲು ಹಬ್ಬವೋ ಹಬ್ಬ. ಆಮೇಲೆ ಗೊತ್ತಾಯಿತು. ಪ್ರತಿ ಮಳೆಗಾಲ ಡ್ಯಾಮು ತುಂಬಿದಾಗ ಅಲೆ ಬಡಿದು ದಂಡೆ ಕುಸಿಯುತ್ತದೆ, ನೀರು ಮನೆಯ ಕಡೆಗೆ ಇನ್ನಷ್ಟು ಬರುತ್ತದೆ, ನಾವು ಹಿಂದಕ್ಕೆ ಸರಿಯೋಣವೆಂದರೆ ಕಂದಕ. ಈ ಮನೆಯನ್ನು ಕೊಳ್ಳುವವರಿಲ್ಲ, ಬಿಟ್ಟು ಹೋದರೆ ಬೇರೆ ಮನೆಯಿಲ್ಲ. ಮೇಲಿನೂರಲ್ಲಿ, ಸ್ಕೂಲಿನ ಹಿಂದಿನ ದಿಬ್ಬದಲ್ಲಿ ಬದಲಿ ಸೈಟು ಕೊಡಿ ಅಂತ ಅಂಗಲಾಚಿದ್ದೇ ಅಂಗಲಾಚಿದ್ದು. "ಡ್ಯಾಮಿನ ನೀರು ಏರುತ್ತೆ, ಇಳಿಯುತ್ತೆ. ದಂಡೆನೇ ಹೋಗ್ತಿದೆ ಅನ್ನೋಕೆ ಸಾಕ್ಷಿ ಏನಮ್ಮ?" ಅಂತ ತಾಲ್ಲೂಕು ಆಫೀಸಿನ ಸಾಹೇಬರು ಕಳಿಸಿಬಿಡೋರು.

ಆಗ ತರೀಕೆರೆಯಿಂದ ಕಾಲೇಜಿನ ಮೇಡಂ ಒಬ್ಬರು ಬಂದರು. ಮನೆಯಿಂದ ಕೆಳಗೆ, ಹೊಂಗೆಮರದ ಆಚೆ, ಎದೆಮಟ್ಟದ ಒಂದು ಮರದ ಕಂಬ ನೆಡಿಸಿದರು. ಅದರ ನೆತ್ತಿಯ ಮೇಲೆ ಫೋನ್ ಕೂರಿಸುವ ತಗಡಿನ ಗೂಡು. ಹೋಗಿಬರುವವರು ಯಾರಾದರೂ ಸರಿ, ಅದರಲ್ಲಿ ಫೋನ್ ಇಟ್ಟು ದಂಡೆಯ ಫೋಟೋ ತೆಗೆದು ಮೇಡಂಗೆ ಕಳಿಸಬೇಕು. ಒಂದೇ ಜಾಗದಿಂದ ತೆಗೆದವನ್ನು ಸಾಲಾಗಿ ಇಟ್ಟರೆ ದಂಡೆ ಎಷ್ಟು ಹೋಯಿತು ಅಂತ ಯಾರಿಗಾದರೂ ಕಾಣುತ್ತದೆ. "ಇದೇ ನಿಮ್ಮ ಸಾಕ್ಷಿ, ಜೋಪಾನ" ಅಂದರು ಮೇಡಂ. ಆ ಜೋಪಾನವನ್ನು ಅತ್ತೆ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟರು.

ಮೀನು ಹಿಡಿಯಲು ಬಂದವರು, ಕಾಡಿನ ವಾಚರು, ಭಾನುವಾರ ಸುತ್ತಾಡಲು ಬಂದ ಹುಡುಗರು, ಯಾರನ್ನೂ ಬಿಡುತ್ತಿರಲಿಲ್ಲ. "ಲೇ, ನಿನ್ ಮುಖ ತೆಗ್ದಿದ್ದು ಸಾಕು, ನಮ್ ದಂಡೇದೊಂದು ತೆಗ್ದು ಹೋಗೋ" ಅಂತ ಅಡ್ಡ ಹಾಕೋರು. ಯಾರೂ ಬರದ ದಿನ ನನ್ನ ಫೋನ್ ಕಸಿದುಕೊಂಡು ತಾವೇ ಇಳಿದು ಹೋಗೋರು. ಹೊಸ ಸೈಟಿನಲ್ಲಿ ಒಲೆ ಎಲ್ಲಿ, ಕೊಟ್ಟಿಗೆ ಎಲ್ಲಿ ಅಂತ ನಮ್ಮಿಬ್ಬರಿಗೂ ಜಗಳ. ಇಲ್ಲದ ಮನೆಗಾಗಿ ಇಬ್ಬರೂ ಮಾತು ಬಿಟ್ಟಿದ್ದೂ ಉಂಟು.

ಎರಡು ಮಳೆಗಾಲ ಕಳೆದ ಮೇಲೆ ಮೇಡಂ ಸಾಹೇಬರನ್ನೇ ಕರೆದುಕೊಂಡು ಬಂದರು. ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದು, ಡ್ಯಾಮು ತುಂಬಿದಾಗಿನ ಮೊದಲ ಫೋಟೋ, ಕೊನೆಯ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟರು. ದಂಡೆಯ ಅಂಚು ಅದರಲ್ಲಿ ಎಲ್ಲಿತ್ತೋ ಇದರಲ್ಲೂ ಅಲ್ಲೇ. ಮೇಡಂ ಮುಖ ಸಣ್ಣಗಾಯಿತು. "ಇದ್ದಲ್ಲೇ ಇದೆಯಲ್ಲಮ್ಮ ದಂಡೆ" ಅಂದರು ಸಾಹೇಬರು.

ಅತ್ತೆಯ ಮುಖ ಮಾತ್ರ ಅರಳಿತು. "ಇರ್ದೆ ಏನ್ ಸ್ವಾಮಿ? ಮಣ್ಣು ಕುಸ್ದಾಗೆಲ್ಲ ಕಂಬ ನೀರಿಗೆ ಬಿದ್ದುಹೋಗ್ತದೆ ಅಂತ ಕಿತ್ತು ಅಷ್ಟೇ ಹಿಂದಕ್ಕೆ ನೆಟ್ಟಿದೀನಿ. ಎದುರಿನ ಗುಡ್ಡ ನೋಡ್ಕೊಂಡು, ಅಂಚಿಂದ ಮಾರು ಹಾಕಿ ನೆಟ್ಟಿರೋದು ಕಣ್ರೀ. ಒಂದು ಗೇಣು ಅತ್ತಿತ್ತ ಆಗಿದ್ರೆ ಕೇಳಿ."

ಮೇವು ಮುಗಿದ ಕಡೆಯಿಂದ ದನದ ಗೂಟ ಕಿತ್ತು ಇನ್ನೊಂದು ಕಡೆ ಹೊಡೆಯುವುದು ಅವರು ಚಿಕ್ಕಂದಿನಿಂದ ಮಾಡಿದ ಕೆಲಸ. ಕಂಬವನ್ನೂ ಹಾಗೇ ಕಾಪಾಡಿದ್ದರು. ದಂಡೆಯ ಜೊತೆಗೇ ಕಂಬವೂ ಹಿಂದೆ ಬಂದರೆ ಕುಸಿತ ಫೋಟೋದಲ್ಲಿ ಕಾಣುವುದು ಹೇಗೆ? "ಹೊಸದಾಗಿ ಶುರು ಮಾಡಿ, ನೋಡೋಣ" ಅಂತ ಹೇಳಿ ಸಾಹೇಬರು ಜೀಪು ಹತ್ತಿದರು.

"ನೀವು ಕಾಪಾಡಿದ್ದಕ್ಕೇ ನಾವು ಮುಳುಗಿದ್ವಿ ಅತ್ತೆ" ಅಂದುಬಿಟ್ಟೆ. ಅಂದದ್ದು ತಪ್ಪು ಅಂತ ಇವತ್ತಿಗೂ ಅನ್ನಿಸಿಲ್ಲ, ಅಷ್ಟು ಹೊಟ್ಟೆ ಉರಿದಿತ್ತು. ಅವರು "ಹೂಂ ಕಣೇ, ನಾನೇ ನಿಮ್ಮನ್ನ ಇಲ್ಲಿ ಕಟ್ಟಿಹಾಕ್ದಂಗಾಯ್ತು" ಅಂದರು. ಸಂಜೆಯೇ ನನ್ನ ಗಂಡನ ಕೈಲಿ ಕಂಬದ ಗೂಡು ಬಿಚ್ಚಿಸಿ ಅಡುಗೆಮನೆಯ ಕಿಟಕಿಗೆ ಮೊಳೆ ಹೊಡೆಸಿದರು. "ಇದನ್ನ ನಾನೂ ಸರಿಸಕ್ಕಾಗಲ್ಲ" ಅಂದರು.

ಮುಂದಿನ ಮಳೆಗಾಲಕ್ಕೆ ಅವರಿಗೆ ಉಬ್ಬಸ ಹಿಡಿಯಿತು. ಕಿಟಕಿಯ ಪಕ್ಕ ಮಣೆ ಹಾಕಿಕೊಂಡು ಕೂತೇ ಇರುತ್ತಿದ್ದರು. ಒಂದು ಬೆಳಿಗ್ಗೆ ಹೊಂಗೆಮರ ಬುಡಸಮೇತ ನೀರಿಗೆ ಹೋಯಿತು. "ಬಿತ್ತು ಕಣೇ, ಫೋನ್ ತಾ" ಅಂತ ಕೂಗಿದರು. ತಾವೇ ನೀರು ಹೊತ್ತು ಬೆಳೆಸಿದ ಮರ. ಅದು ಬಿದ್ದದ್ದಕ್ಕೆ ಅಷ್ಟು ಸಂತೋಷಪಟ್ಟ ಅವರನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ. "ಅಳಬ್ಯಾಡ ಸುಮ್ನಿರೇ, ಇನ್ನೊಂದಿಷ್ಟು ಬೀಳ್ಲಿ. ಆಗ ನಂಬ್ತಾರೆ" ಅಂದರು. ಬಟ್ಟೆ ಒಗೆಯುವ ಕಲ್ಲು ಹೋದ ದಿನ ಪಾಯಸ ಮಾಡು ಅಂತ ಹಟ ಹಿಡಿದರು. ಬೈಯುತ್ತಲೇ ಮಾಡಿದೆ.

ಆ ಮಳೆಗಾಲ ಮುಗಿಯುವ ಮೊದಲೇ ಹೋಗಿಬಿಟ್ಟರು. ನಮ್ಮಲ್ಲಿ ಹೂಳುವ ಪದ್ಧತಿ. ಕುಸಿಯುವ ದಂಡೆಯಲ್ಲಿ ಗುಣಿ ತೋಡಲು ಯಾರಿಗೂ ಮನಸ್ಸು ಬರಲಿಲ್ಲ, ಹಿಂದೆ ಕಂದಕ. ಕೊನೆಗೆ ಮೇಲಿನೂರಿನವರೇ ಸ್ಕೂಲಿನ ಹಿಂದಿನ ದಿಬ್ಬದಲ್ಲಿ ಹೂಳಲು ಒಪ್ಪಿದರು.

ಕಿಟಕಿಯಿಂದ ತೆಗೆದ ಫೋಟೋಗಳನ್ನು ಸಾಹೇಬರು ನೋಡಿದ್ದಾರೆ. ದಂಡೆ ಹೋಗುತ್ತಿರುವುದು ನಿಜ ಅಂತ ಈ ಸಲ ಒಪ್ಪಿದ್ದಾರೆ. ಸೈಟು ಮಾತ್ರ ಇನ್ನೂ ಬಂದಿಲ್ಲ. ಪ್ರತಿ ಸೋಮವಾರ ದಿಬ್ಬ ಹತ್ತಿ ಅತ್ತೆಗೆ ಹೂವಿಟ್ಟು, ಕೆಳಗಿಳಿದು ಬಂದು ಕಿಟಕಿಯಲ್ಲಿ ಫೋನ್ ಇಡುತ್ತೇನೆ. ನಮ್ಮ ಮನೆಯವರಲ್ಲಿ ಮೇಲಿನೂರಲ್ಲಿ ಜಾಗ ಸಿಕ್ಕಿದ್ದು ಅವರೊಬ್ಬರಿಗೇ.